ಕಾಡುಕೋಳಿ ಸಾರು, ಒಣಗಿಸಿದ ಹಂದಿಮಾಂಸ: ಕಾನೂನಿನ ಮಿತಿ ಒಂದು ತುಂಡೂ ಅಲ್ಲ

ಬೆಂಗಳೂರು: ಊರಿನಿಂದ ಬಂದ ಬಂಧುಗಳು ಡಬ್ಬಿಯಲ್ಲಿ ಹಾಕಿಕೊಟ್ಟ ಕಾಡುಹಂದಿ ಮಾಂಸದ ಉಪ್ಪಿನಕಾಯಿ, ತೋಟಕ್ಕೆ ಹೋಗಿದ್ದಾಗ ಪರಿಚಿತರೊಬ್ಬರು ಸುಟ್ಟುಕೊಟ್ಟ ಕೌಜುಗ, ಮಲೆನಾಡಿನ ಯಾವುದೋ ಹೋಂಸ್ಟೇಯಲ್ಲಿ ‘ಇವತ್ತು ಸ್ಪೆಷಲ್ ಇದೆ’ ಎಂದು ತಗ್ಗಿದ ದನಿಯಲ್ಲಿ ಹೇಳಿ ಬಡಿಸುವ ಕಾಡುಕೋಳಿ ಸಾರು. ಇವನ್ನು ಸ್ವೀಕರಿಸುವ ನಗರವಾಸಿಗಳು ಬೇಟೆ ಅಪರಾಧ ಎಂಬುದನ್ನು ಅರಿಯದವರೇನಲ್ಲ. ಆದರೆ ಅಪರಾಧ ಕೋವಿ ಹಿಡಿದವನದು, ಉರುಳು ಒಡ್ಡಿದವನದು. ತಟ್ಟೆಗೆ ಬಂದದ್ದನ್ನು ತಿಂದವನಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆ ಬಲವಾಗಿ ಬೇರೂರಿದೆ.

ಕಾನೂನು ಹಾಗೆ ಹೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ಎಷ್ಟು ಕಟ್ಟುನಿಟ್ಟಾಗಿ ನಿಷೇಧಿಸಿದೆಯೋ, ಬೇಟೆಯಿಂದ ಬಂದ ಮಾಂಸವನ್ನು ಇಟ್ಟುಕೊಳ್ಳುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಎಷ್ಟು ಹಕ್ಕಿಗಳವರೆಗೆ, ಎಷ್ಟು ಕಿಲೋವರೆಗೆ ಇಟ್ಟುಕೊಳ್ಳಬಹುದು ಎಂಬ ಪ್ರಶ್ನೆಗೆ ಈ ಕಾಯ್ದೆಯಲ್ಲಿ ಇರುವ ಉತ್ತರ ಸೊನ್ನೆ. ‘ಸ್ವಂತ ಬಳಕೆಗೆ’ ಎಂಬ ವಿನಾಯಿತಿಯೂ ಇಲ್ಲ, ‘ಅಲ್ಪ ಪ್ರಮಾಣ’ ಎಂಬ ವಿನಾಯಿತಿಯೂ ಇಲ್ಲ.

ಬೇಯಿಸಿದರೂ ಅದು ಮಾಂಸವೇ

ಕಾಯ್ದೆಯ ಎರಡನೇ ಸೆಕ್ಷನ್ ‘ಮಾಂಸ’ ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆ ದಿನಬಳಕೆಯ ಅರ್ಥಕ್ಕಿಂತ ಬಹಳ ವಿಸ್ತಾರವಾದುದು. ರಕ್ತ, ಮೂಳೆ, ಸ್ನಾಯು, ಮೊಟ್ಟೆ, ಚಿಪ್ಪು, ಕೊಬ್ಬು ಹಾಗೂ ಚರ್ಮ ಸಹಿತ ಅಥವಾ ಚರ್ಮರಹಿತ ಮಾಂಸ ಎಲ್ಲವೂ ಅದರಡಿ ಬರುತ್ತವೆ. ಹಸಿಯಾಗಿರಲಿ, ಬೇಯಿಸಿದ್ದಾಗಿರಲಿ ಎಂಬ ಮಾತನ್ನೂ ವ್ಯಾಖ್ಯೆಯಲ್ಲೇ ಸೇರಿಸಲಾಗಿದೆ. ಹೀಗಾಗಿ ಒಲೆಯ ಮೇಲಿನ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸ, ಉಪ್ಪು ಖಾರ ಹಚ್ಚಿ ಬಿಸಿಲಿಗಿಟ್ಟ ತುಂಡು, ಎಣ್ಣೆಯಲ್ಲಿ ಹುರಿದು ಬಾಟಲಿಗೆ ತುಂಬಿದ ಉಪ್ಪಿನಕಾಯಿ, ಫ್ರಿಜ್‌ನಲ್ಲಿ ಉಳಿದ ನಿನ್ನೆಯ ಸಾರು ಇವುಗಳ ನಡುವೆ ಕಾನೂನು ವ್ಯತ್ಯಾಸ ಮಾಡುವುದಿಲ್ಲ. ಸಂಸ್ಕರಿಸಿದ ಮಾತ್ರಕ್ಕೆ ಬೇಟೆಯ ಮಾಂಸ ಸಾಮಾನ್ಯ ಆಹಾರ ಪದಾರ್ಥವಾಗಿ ಮಾರ್ಪಡುವುದಿಲ್ಲ.

ವ್ಯಾಖ್ಯೆಯಲ್ಲಿ ಕೊಬ್ಬು ಮತ್ತು ಮೊಟ್ಟೆ ಸೇರಿರುವುದನ್ನು ವಿಶೇಷವಾಗಿ ಗಮನಿಸಬೇಕು. ಕೀಲುನೋವಿಗೆ ರಾಮಬಾಣವೆಂದು ಸಂತೆ, ಜಾತ್ರೆಗಳಲ್ಲಿ ಮಾರುವ ನವಿಲೆಣ್ಣೆ, ಉಡದ ಎಣ್ಣೆ ನಿಜಕ್ಕೂ ಆ ಪ್ರಾಣಿಗಳ ಕೊಬ್ಬಿನಿಂದ ತೆಗೆದದ್ದಾದರೆ ಆ ಸಣ್ಣ ಸೀಸೆಯೂ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನವಿಲು, ಉಡ ಎರಡೂ ಅತಿ ಹೆಚ್ಚಿನ ರಕ್ಷಣೆಯಿರುವ ಒಂದನೇ ಅನುಸೂಚಿಯಲ್ಲಿವೆ. (ಅದು ನಿಜವಾದ ಕೊಬ್ಬಲ್ಲದೆ ಬಣ್ಣ ಬೆರೆಸಿದ ಅಡುಗೆ ಎಣ್ಣೆಯಾಗಿದ್ದರೆ ಗ್ರಾಹಕ ಕಳೆದುಕೊಳ್ಳುವುದು ಹಣವನ್ನಷ್ಟೆ.) ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಇದೆ. ಆ ವಿನಾಯಿತಿ ಗರಿಗೆ ಮಾತ್ರ, ಹಕ್ಕಿಗಲ್ಲ.

ಸತ್ತು ಬಿದ್ದ ಹಕ್ಕಿಯೂ ಸರ್ಕಾರದ್ದು

ಕಾಯ್ದೆಯ 39ನೇ ಸೆಕ್ಷನ್ ಇಡೀ ವ್ಯವಸ್ಥೆಯ ಬೆನ್ನೆಲುಬು. ಬೇಟೆಯಾಡಿದ, ಸತ್ತು ಬಿದ್ದಿರುವ ಅಥವಾ ಆಕಸ್ಮಿಕವಾಗಿ ಕೊಲ್ಲಲ್ಪಟ್ಟ ಕಾಡುಪ್ರಾಣಿ ಹಾಗೂ ಅದರ ಮಾಂಸ ಸರ್ಕಾರದ ಆಸ್ತಿ ಎಂದು ಅದು ಸಾರುತ್ತದೆ. ಕಾಡಂಚಿನ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತ ಕಾಡುಕೋಳಿಯನ್ನು ‘ಹೇಗೂ ಸತ್ತಿದೆಯಲ್ಲ’ ಎಂದು ಡಿಕ್ಕಿಯಲ್ಲಿ ಹಾಕಿಕೊಂಡು ಬರುವವನು ಸರ್ಕಾರದ ಆಸ್ತಿಯನ್ನು ಹೊತ್ತು ತಂದಂತಾಗುತ್ತದೆ. ಆತ್ಮರಕ್ಷಣೆಗಾಗಿ ಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲವೆಂದು ಕಾಯ್ದೆ ಒಪ್ಪುತ್ತದೆ. ಆದರೆ ಹಾಗೆ ಸತ್ತ ಪ್ರಾಣಿಯ ಮೇಲೂ ಕೊಂದವನಿಗೆ ಹಕ್ಕಿಲ್ಲ.

ಇಂಥ ಆಸ್ತಿ ಯಾವುದೇ ಮಾರ್ಗದಿಂದ ಯಾರದೇ ಕೈಸೇರಿದರೂ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಪೂರ್ವಾನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಉಡುಗೊರೆಯಾಗಿಯಾಗಲಿ, ಮಾರಾಟವಾಗಿಯಾಗಲಿ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ನಾಶಪಡಿಸುವಂತೆಯೂ ಇಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿರದ ಭಾಗ. ಪಕ್ಕದ ಮನೆಯವರು ಕಳುಹಿಸಿದ ಡಬ್ಬಿಯಲ್ಲಿರುವುದು ಕಾಡುಹಂದಿ ಎಂದು ತಿಳಿದ ಮೇಲೆ ಗಾಬರಿಯಿಂದ ಚರಂಡಿಗೆ ಸುರಿಯುವುದು ಕಾನೂನು ತೋರಿದ ದಾರಿಯಲ್ಲ. ಪ್ರಾಯೋಗಿಕವಾಗಿ ಎಷ್ಟು ಮಂದಿ ಠಾಣೆಗೆ ಹೋಗಿ ‘ನಮಗೆ ಹೀಗೊಂದು ಡಬ್ಬಿ ಬಂದಿದೆ’ ಎಂದು ಹೇಳಿಯಾರು ಎಂಬುದು ಬೇರೆ ಮಾತು. ಕಾಯ್ದೆ ಅಂಥ ಪ್ರಾಮಾಣಿಕತೆಗೆ ಎರಡು ದಿನಗಳ ಅವಕಾಶವನ್ನಂತೂ ಇಟ್ಟಿದೆ.

ಸಾಬೀತುಪಡಿಸುವ ಹೊಣೆ ಯಾರದು?

ಸಾಮಾನ್ಯ ಅಪರಾಧ ಪ್ರಕರಣಗಳಲ್ಲಿ ಆರೋಪವನ್ನು ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್ ಮೇಲಿರುತ್ತದೆ. ವನ್ಯಜೀವಿ ಕಾಯ್ದೆಯ 57ನೇ ಸೆಕ್ಷನ್ ಇದನ್ನು ಒಂದು ಹಂತದ ನಂತರ ತಿರುಗಿಸುತ್ತದೆ. ಕಾಡುಪ್ರಾಣಿಯ ಮಾಂಸ ಒಬ್ಬ ವ್ಯಕ್ತಿಯ ಸ್ವಾಧೀನ, ವಶ ಅಥವಾ ನಿಯಂತ್ರಣದಲ್ಲಿತ್ತು ಎಂಬುದು ಸ್ಥಾಪಿತವಾದರೆ ಸಾಕು, ಅದು ಅಕ್ರಮ ಸ್ವಾಧೀನವೆಂದೇ ಭಾವಿಸಲಾಗುತ್ತದೆ. ಅಕ್ರಮವಲ್ಲ ಎಂದು ತೋರಿಸಿಕೊಡಬೇಕಾದವನು ಆರೋಪಿ. ‘ಯಾರೋ ಕೊಟ್ಟರು’, ‘ಎಲ್ಲಿಂದ ತಂದರೋ ಗೊತ್ತಿಲ್ಲ’ ಎಂಬ ಉತ್ತರಗಳು ಈ ಹೊಣೆಯನ್ನು ಇಳಿಸುವುದು ಕಷ್ಟ.

‘ಸ್ವಾಧೀನ’ದ ಜೊತೆಗೆ ‘ವಶ’ ಮತ್ತು ‘ನಿಯಂತ್ರಣ’ ಎಂಬ ಪದಗಳನ್ನೂ ಬಳಸಿರುವುದು ಆಕಸ್ಮಿಕವಲ್ಲ. ಮಾಂಸ ಯಜಮಾನನ ಕೈಯಲ್ಲೇ ಇರಬೇಕಾಗಿಲ್ಲ. ಅವನ ಫ್ರಿಜ್‌ನಲ್ಲಿ, ಅವನ ಕಾರಿನಲ್ಲಿ, ಅವನ ತೋಟದ ಮನೆಯಲ್ಲಿ ಇದ್ದರೂ ಪ್ರಶ್ನೆ ಅವನತ್ತಲೇ ಬರುತ್ತದೆ. ಅಪರಾಧಕ್ಕೆ ಬಳಸಿದ ವಾಹನ, ಆಯುಧ, ಬಲೆಗಳನ್ನು ಜಪ್ತಿ ಮಾಡುವುದಕ್ಕೂ ಅವಕಾಶವಿದೆ. ಅರಣ್ಯಾಧಿಕಾರಿಗಳು ಮತ್ತು ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಪೊಲೀಸ್ ಅಧಿಕಾರಿಗಳು ಸಕಾರಣವಾದ ಅನುಮಾನವಿದ್ದಲ್ಲಿ 50ನೇ ಸೆಕ್ಷನ್ ಪ್ರಕಾರ ಆವರಣ ಪ್ರವೇಶಿಸಿ ಶೋಧಿಸಬಹುದು.

ಇದು ಕೇವಲ ಪುಸ್ತಕದ ಮಾತಲ್ಲ ಎಂಬುದನ್ನು ರಾಜ್ಯದ ಜನ 2023ರ ಅಕ್ಟೋಬರ್‌ನಲ್ಲಿ ಕಂಡರು. ಟಿ.ವಿ. ರಿಯಾಲಿಟಿ ಷೋ ಒಂದರ ಸ್ಪರ್ಧಿ ಕೊರಳಲ್ಲಿ ಹುಲಿ ಉಗುರಿನ ಪದಕ ಧರಿಸಿದ್ದಕ್ಕಾಗಿ ಬಂಧಿತರಾದಾಗ, ಅವರು ಹುಲಿ ಕೊಂದರೆಂದು ಯಾರೂ ಆರೋಪಿಸಿರಲಿಲ್ಲ. ಪ್ರಶ್ನೆ ಇದ್ದದ್ದು ಸ್ವಾಧೀನದ ಬಗ್ಗೆ ಮಾತ್ರ. ಉಗುರಿಗೆ ಅನ್ವಯಿಸುವ ತರ್ಕವೇ ಮಾಂಸಕ್ಕೂ ಅನ್ವಯಿಸುತ್ತದೆ.

ಹೋಂಸ್ಟೇ ಊಟದ ಕತೆ

ಕಾಯ್ದೆಯ 44ನೇ ಸೆಕ್ಷನ್ ಪರವಾನಗಿ ಇಲ್ಲದೆ ಕಾಡುಪ್ರಾಣಿಯ ಮಾಂಸದ ವ್ಯಾಪಾರ ಮಾಡುವುದನ್ನೂ, ಉಪಾಹಾರ ಗೃಹಗಳಲ್ಲಿ ಅದನ್ನು ಬೇಯಿಸುವುದನ್ನೂ ಬಡಿಸುವುದನ್ನೂ ನಿಷೇಧಿಸುತ್ತದೆ. ಬೇಟೆಯೇ ನಿಷಿದ್ಧವಾಗಿರುವಾಗ ಬೇಟೆಯ ಮಾಂಸಕ್ಕೆ ಅಂಥ ಪರವಾನಗಿ ಸಿಗುವ ಮಾತೇ ಇಲ್ಲ.

‘ನಮ್ಮದು ಹೋಟೆಲ್ ಅಲ್ಲ, ಮನೆ, ಊಟಕ್ಕೆ ಪ್ರತ್ಯೇಕ ಹಣ ಪಡೆಯುವುದಿಲ್ಲ’ ಎಂಬ ಸಮರ್ಥನೆಯನ್ನು ಕಾಯ್ದೆ ಮೊದಲೇ ಊಹಿಸಿದಂತಿದೆ. ಉಪಾಹಾರ ಗೃಹವೆಂದರೆ ಹಣ ಪಡೆದು ತಿನಿಸು ಬಡಿಸುವ ಯಾವುದೇ ಸ್ಥಳ. ಆ ಹಣವನ್ನು ಪ್ರತ್ಯೇಕವಾಗಿ ಪಡೆದರೂ, ವಾಸ್ತವ್ಯದ ಬಾಡಿಗೆಯಲ್ಲೇ ಸೇರಿಸಿಕೊಂಡರೂ ವ್ಯತ್ಯಾಸವಿಲ್ಲ ಎಂದು ವಿವರಣೆಯಲ್ಲಿ ಸ್ಪಷ್ಟಪಡಿಸಲಾಗಿದೆ. ರಾಜ್ಯದಲ್ಲಿ ಹೋಂಸ್ಟೇ ಎಂಬ ಪದ ಚಾಲ್ತಿಗೆ ಬರುವುದಕ್ಕೆ ಎಷ್ಟೋ ವರ್ಷಗಳ ಮೊದಲು ಬರೆದ ಈ ಸಾಲು ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಇಂದಿನ ‘ಊಟ ವಸತಿ ಸಹಿತ’ ಪ್ಯಾಕೇಜ್‌ಗಳಿಗೆ ಹೇಳಿ ಹೊಲಿಸಿದಂತೆ ಹೊಂದುತ್ತದೆ. ಕೊಳ್ಳುವವನೂ ಸುರಕ್ಷಿತನಲ್ಲ; ಅಧಿಕೃತ ವ್ಯಾಪಾರಿಯಲ್ಲದವರಿಂದ ಇಂಥ ವಸ್ತು ಖರೀದಿಸುವುದನ್ನು 49ನೇ ಸೆಕ್ಷನ್ ತಡೆಯುತ್ತದೆ.

ಅತಿಥಿಗಳು ‘ಕಾಡಿಂದು ಏನಾದ್ರೂ ಸಿಗುತ್ತಾ?’ ಎಂದು ಕೇಳುವುದರಿಂದಲೇ ಈ ಸರಬರಾಜು ಜೀವಂತವಾಗಿದೆ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಕೊಡಗಿನ ಹೆಸರುವಾಸಿ ಪಂದಿ ಕರಿಯನ್ನು ಇಂದು ಸಾಕು ಹಂದಿಯ ಮಾಂಸದಿಂದಲೇ ಮಾಡುತ್ತಾರೆ, ರುಚಿಗೇನೂ ಕೊರತೆಯಿಲ್ಲ.

ಶಿಕ್ಷೆಯ ಲೆಕ್ಕ

ಶಿಕ್ಷೆಯ ಪ್ರಮಾಣ ಮಾಂಸದ ತೂಕವನ್ನು ಅವಲಂಬಿಸುವುದಿಲ್ಲ. ಪ್ರಾಣಿ ಯಾವ ಅನುಸೂಚಿಯಲ್ಲಿದೆ, ಬೇಟೆ ನಡೆದದ್ದು ಎಲ್ಲಿ ಎಂಬುದನ್ನು ಅವಲಂಬಿಸುತ್ತದೆ. 2022ರಲ್ಲಿ ಸಂಸತ್ತು ಅಂಗೀಕರಿಸಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಹಿಂದಿದ್ದ ಆರು ಅನುಸೂಚಿಗಳನ್ನು ನಾಲ್ಕಕ್ಕಿಳಿಸಿತು. ಈಗ ಸ್ಥಳೀಯ ಪ್ರಾಣಿ ಪಕ್ಷಿಗಳಿಗೆ ಸಂಬಂಧಿಸಿದವು ಎರಡೇ: ವಿಶೇಷ ರಕ್ಷಣೆಯ ಒಂದನೇ ಅನುಸೂಚಿ ಮತ್ತು ಉಳಿದವುಗಳ ಎರಡನೇ ಅನುಸೂಚಿ. ನವಿಲು ಮೊದಲನೆಯದರಲ್ಲಿದ್ದರೆ ಕಾಡುಹಂದಿ ಎರಡನೆಯದರಲ್ಲಿದೆ.

ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ತಿದ್ದುಪಡಿಗೆ ಮೊದಲು ದಂಡದ ಮಿತಿ 25 ಸಾವಿರ ರೂಪಾಯಿ ಇತ್ತು. ಪ್ರಕರಣ ಒಂದನೇ ಅನುಸೂಚಿಯ ಪ್ರಾಣಿಗೆ ಅಥವಾ ಅದರ ಮಾಂಸಕ್ಕೆ ಸಂಬಂಧಿಸಿದ್ದಾದರೆ, ಅಥವಾ ಬೇಟೆ ಅಭಯಾರಣ್ಯ ಇಲ್ಲವೇ ರಾಷ್ಟ್ರೀಯ ಉದ್ಯಾನದೊಳಗೆ ನಡೆದಿದ್ದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸ. ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕನಿಷ್ಠ ಸೆರೆವಾಸ ನಿಗದಿಯಾಗಿರುವ ಇಂಥ ಪ್ರಕರಣಗಳನ್ನು ಇಲಾಖೆಯ ಹಂತದಲ್ಲಿ ಹಣ ಕಟ್ಟಿ ರಾಜಿ ಮಾಡಿಕೊಳ್ಳುವಂತಿಲ್ಲ. ಉಳಿದವುಗಳಿಗೆ ಆ ಅವಕಾಶ ಉಂಟು. ಬಂಡೀಪುರದೊಳಗೆ ಹೊಡೆದ ಒಂದು ಬುರ್ಲಿ ಹಕ್ಕಿಗೂ ಊರ ಹೊಲದಲ್ಲಿ ಹಿಡಿದ ಬುರ್ಲಿಗೂ ಕಾನೂನಿನ ಕಣ್ಣಲ್ಲಿ ಇಷ್ಟು ಅಂತರವಿದೆ.

ಲೆಕ್ಕವಿದ್ದ ಕಾಲ, ಲೆಕ್ಕವಿರುವ ದೇಶ

ಮೊದಲಿನಿಂದಲೂ ಹೀಗಿರಲಿಲ್ಲ. ಬ್ರಿಟಿಷ್ ಭಾರತದಲ್ಲಿ 1887ರಲ್ಲೇ ಬಂದ ಕಾಡುಹಕ್ಕಿ ರಕ್ಷಣಾ ಕಾಯ್ದೆಯು ಪುರಸಭೆ ಮತ್ತು ದಂಡು ಪ್ರದೇಶಗಳಲ್ಲಿ, ಸಂತಾನೋತ್ಪತ್ತಿ ಋತುವಿನಲ್ಲಿ, ಆಗತಾನೆ ಕೊಂದ ಹಕ್ಕಿಯನ್ನು ಇಟ್ಟುಕೊಳ್ಳುವುದನ್ನು ಮತ್ತು ಮಾರುವುದನ್ನು ತಡೆಯಲು ಯತ್ನಿಸಿತು. ಎಂದರೆ ಬೇಟೆಗಾರನನ್ನು ಕಾಡಿನಲ್ಲಿ ಹುಡುಕುವುದಕ್ಕಿಂತ ಹಕ್ಕಿಯನ್ನು ಪೇಟೆಯಲ್ಲಿ ಹುಡುಕುವುದು ಸುಲಭವೆಂಬ ತಿಳಿವಳಿಕೆ ಆಗಲೇ ಇತ್ತು. 1912ರ ಕಾಯ್ದೆಯೂ ನಿಷೇಧಿತ ಋತು ಎಂಬ ಕಲ್ಪನೆಯ ಸುತ್ತಲೇ ಹೆಣೆದದ್ದು.

1972ರ ಕಾಯ್ದೆ ಮೂಲದಲ್ಲಿ ಬೇಟೆಯನ್ನು ಸಂಪೂರ್ಣ ಮುಚ್ಚಿರಲಿಲ್ಲ. ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಪರವಾನಗಿಗಳಿದ್ದವು. ಕೌಜುಗ, ಬುರ್ಲಿಯಂಥ ಹಕ್ಕಿಗಳು ಕೊನೆಯ ವರ್ಗಕ್ಕೆ ಸೇರಿದ್ದವು. 1991ರ ತಿದ್ದುಪಡಿ ಈ ಪರವಾನಗಿಗಳನ್ನೇ ರದ್ದುಗೊಳಿಸಿತು. ಆದ್ದರಿಂದ ‘ನಮ್ಮ ತಂದೆಯವರ ಕಾಲದಲ್ಲಿ ಷಿಕಾರಿಗೆ ಲೈಸೆನ್ಸ್ ಇತ್ತು’ ಎನ್ನುವ ಹಿರಿಯರ ಮಾತು ಸುಳ್ಳಲ್ಲ. ಆ ಕಾಲ ಮುಗಿದು ಮೂರು ದಶಕ ದಾಟಿದೆ ಅಷ್ಟೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಸಹೋದ್ಯೋಗಿಗಳು ಫ್ರೀಜರ್ ತುಂಬ ಬಾತು, ಜಿಂಕೆ ಮಾಂಸ ಇಟ್ಟುಕೊಳ್ಳುವುದನ್ನು ಕಂಡು ಇಲ್ಲಿ ಬಂದು ಹೇಳುವುದುಂಟು. ಅಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡುವುದು ಸಕ್ರಮ, ಆದರೆ ಎಲ್ಲಕ್ಕೂ ಲೆಕ್ಕವಿದೆ. ವಲಸೆ ಹಕ್ಕಿಗಳಿಗೆ ಸಂಬಂಧಿಸಿದ 1918ರ ಕಾಯ್ದೆಯಡಿ ರೂಪಿಸಿದ ಫೆಡರಲ್ ನಿಯಮಗಳಂತೆ ದಿನಕ್ಕೆ ಎಷ್ಟು ಹೊಡೆಯಬಹುದು ಎಂಬ ಮಿತಿ ಒಂದಾದರೆ, ಒಟ್ಟು ಎಷ್ಟು ಇಟ್ಟುಕೊಳ್ಳಬಹುದು ಎಂಬ ಸ್ವಾಧೀನ ಮಿತಿ ಇನ್ನೊಂದು. ಅಲ್ಲಿನ ಮೋರ್ನಿಂಗ್ ಡವ್ ಎಂಬ ಬೆಳವದ ಹಕ್ಕಿಗೆ ದಿನಮಿತಿ ಸಾಮಾನ್ಯವಾಗಿ 15, ಸ್ವಾಧೀನ ಮಿತಿ 45. ಬಹುತೇಕ ಹಕ್ಕಿಗಳನ್ನು ಮನೆಗೆ ಸಾಗಿಸುವಾಗ ಗರಿಸಹಿತ ರೆಕ್ಕೆ ಅಥವಾ ತಲೆಯನ್ನು ಉಳಿಸಿಕೊಂಡಿರಬೇಕು. ಜಾತಿ ಗುರುತಿಸಲು ಬೇರೆ ದಾರಿಯಿಲ್ಲ ಎಂಬುದೇ ಕಾರಣ. ಇನ್ನೊಬ್ಬರ ಬಳಿ ಬಿಟ್ಟುಹೋಗುವ ಹಕ್ಕಿಗೆ ಬೇಟೆಗಾರನ ಸಹಿ, ವಿಳಾಸ, ಹಕ್ಕಿಗಳ ಸಂಖ್ಯೆ, ಕೊಂದ ದಿನಾಂಕ ಇರುವ ಚೀಟಿ ಕಟ್ಟಬೇಕು. ಅಲ್ಲಿಯ ಅಧಿಕಾರಿ ಎಣಿಸುತ್ತಾನೆ. ಇಲ್ಲಿಯ ಅಧಿಕಾರಿಗೆ ಎಣಿಸುವ ಅಗತ್ಯವಿಲ್ಲ.

ಪಾತ್ರೆಯಲ್ಲಿರುವುದು ಯಾವ ಹಕ್ಕಿ?

ಗರಿ, ಚರ್ಮ ಹೋಗಿ ಮಸಾಲೆಯಲ್ಲಿ ಬೆಂದ ಮೇಲೆ ಯಾವ ಪ್ರಾಣಿ ಎಂದು ಹೇಳುವವರು ಯಾರು ಎಂಬ ಪ್ರಶ್ನೆ ಸಹಜ. ಇಂಥ ಮಾದರಿಗಳು ಹೈದರಾಬಾದ್‌ನ ಸಿಸಿಎಂಬಿ, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಂಥ ಪ್ರಯೋಗಾಲಯಗಳಿಗೆ ಹೋಗುತ್ತವೆ. ಬೇಯಿಸಿದಾಗ ಡಿಎನ್‌ಎ ತುಂಡು ತುಂಡಾಗುವುದು ನಿಜ. ಆದರೆ ಜೀವಕೋಶದ ಮೈಟೋಕಾಂಡ್ರಿಯಾದಲ್ಲಿರುವ ಡಿಎನ್‌ಎಗೆ ನೂರಾರು ಪ್ರತಿಗಳಿರುವುದರಿಂದ ಅದರ ಸಣ್ಣ ತುಣುಕುಗಳು ಉಳಿದುಕೊಳ್ಳುತ್ತವೆ. ಸೈಟೋಕ್ರೋಮ್ ಬಿ ಮುಂತಾದ ವಂಶವಾಹಿಗಳ ಅನುಕ್ರಮವನ್ನು ಓದಿ ಜಾತಿಯನ್ನು ಗುರುತಿಸಲಾಗುತ್ತದೆ. ಸಾರಿನ ತುಂಡು ಜಿಂಕೆಯದೋ ಕುರಿಯದೋ, ನವಿಲೋ ಫಾರಂ ಕೋಳಿಯೋ ಎಂಬುದು ಇದರಿಂದ ತಿಳಿಯುತ್ತದೆ.

ಕಾಡುಹಂದಿಯ ವಿಷಯ ಮಾತ್ರ ಜಟಿಲ. ಕಾಡುಹಂದಿ ಮತ್ತು ಸಾಕು ಹಂದಿ ಜೀವವಿಜ್ಞಾನದ ಪ್ರಕಾರ ಒಂದೇ ಜಾತಿ. ಸಾಮಾನ್ಯ ಜಾತಿ ಪರೀಕ್ಷೆ ‘ಹಂದಿ’ ಎಂದಷ್ಟೇ ಹೇಳಿ ನಿಂತುಬಿಡಬಹುದು. ಮೈಬಣ್ಣ, ಬೆನ್ನುಹುರಿಯ ಮಣಿಗಳ ಸಂಖ್ಯೆ ಇವುಗಳಿಗೆ ಸಂಬಂಧಿಸಿದ, ಸಾಕಣೆಯಲ್ಲಿ ಬದಲಾದ ವಂಶವಾಹಿಗಳನ್ನು ಪರೀಕ್ಷಿಸಬೇಕಾಗುತ್ತದೆ. ಪ್ರಕರಣ ನಿಲ್ಲುವುದೂ ಬೀಳುವುದೂ ಇಂಥಲ್ಲೇ. ಕಾಡುಕೋಳಿಯಲ್ಲಿ ಈ ತೊಡಕು ಕಡಿಮೆ. ದಕ್ಷಿಣ ಭಾರತದ ಬೂದು ಕಾಡುಕೋಳಿ, ನಾಟಿಕೋಳಿಯ ಮುಖ್ಯ ಪೂರ್ವಜನಾದ ಕೆಂಪು ಕಾಡುಕೋಳಿಗಿಂತ ಬೇರೆಯದೇ ಜಾತಿ. (ಆದರೂ ಸಂಬಂಧ ಪೂರ್ತಿ ಇಲ್ಲವೆಂದಲ್ಲ: ಸಾಕುಕೋಳಿಯ ಹಳದಿ ಚರ್ಮದ ಗುಣ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.)

ಅಂಗಡಿಗಳಲ್ಲಿ ಸಿಗುವ ಜಪಾನೀಸ್ ಕ್ವೇಲ್, ಟರ್ಕಿ, ಗಿನಿಕೋಳಿ, ಫಾರಂ ಮೊಲ ಇವು ಸಾಕಿ ಮಾರುವಂಥವು, ಕೊಳ್ಳುವವರು ಅಂಜಬೇಕಾಗಿಲ್ಲ. ಬಿಲ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಹೊಲದಲ್ಲಿ ಬಲೆಗೆ ಬಿದ್ದ ಬುರ್ಲಿ ಮತ್ತು ಯುಗಾದಿಯ ಆಸುಪಾಸಿನಲ್ಲಿ ಕೆಲವು ಹಳ್ಳಿಗಳಲ್ಲಿ ಅಟ್ಟಿಸಿ ಹಿಡಿಯುವ ಕಾಡುಮೊಲ ಆ ಗುಂಪಿಗೆ ಸೇರುವುದಿಲ್ಲ, ಸಂಪ್ರದಾಯದ ಹೆಸರಿದ್ದರೂ ಸೇರುವುದಿಲ್ಲ.

ರೈತನ ಪ್ರಶ್ನೆ

ಈ ಕಾನೂನಿನ ಬಗ್ಗೆ ಅತಿ ಹೆಚ್ಚು ಅಸಮಾಧಾನ ಇರುವುದು ನಗರಗಳಲ್ಲಲ್ಲ, ಕಾಡಂಚಿನ ಹೊಲಗಳಲ್ಲಿ. ರಾತ್ರೋರಾತ್ರಿ ಜೋಳ, ಗೆಣಸು, ಭತ್ತದ ಗದ್ದೆಯನ್ನು ಉತ್ತು ಹಾಕುವ ಕಾಡುಹಂದಿಯನ್ನು ಕೊಲ್ಲಬಾರದು, ಸತ್ತರೂ ತಿನ್ನಬಾರದು ಎಂದರೆ ರೈತನಿಗೆ ಅದು ಅರ್ಥವಿಲ್ಲದ ಮಾತಾಗಿ ಕೇಳಿಸುವುದು ಸಹಜ.

ಬೆಳೆಗೆ ಅಪಾಯವೆಂದು ಮನವರಿಕೆಯಾದರೆ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು 11ನೇ ಸೆಕ್ಷನ್‌ನಡಿ ಲಿಖಿತ ಅನುಮತಿ ಕೊಡಬಹುದು. ಆದರೆ ಹಾಗೆ ಅನುಮತಿ ಪಡೆದು ಕೊಂದ ಪ್ರಾಣಿಯೂ 39ನೇ ಸೆಕ್ಷನ್ ಪ್ರಕಾರ ಸರ್ಕಾರದ ಆಸ್ತಿಯೇ. ನೆರೆಯ ಕೇರಳ 2022ರ ಮೇ ತಿಂಗಳಲ್ಲಿ ಕಾಡುಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಕೊಟ್ಟಿತು. ಅಲ್ಲಿಯೂ ಕಳೇಬರವನ್ನು ಹೂಳಬೇಕೇ ಹೊರತು ಹಂಚಿಕೊಳ್ಳುವಂತಿಲ್ಲ. ಮಾಂಸದ ಮೇಲಿನ ನಿಷೇಧ ನಿಜವಾಗಿ ಸಡಿಲವಾಗುವುದು ಕೇಂದ್ರ ಸರ್ಕಾರ 62ನೇ ಸೆಕ್ಷನ್‌ನಡಿ ಆ ಪ್ರಾಣಿಯನ್ನು ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ‘ಉಪದ್ರವಕಾರಿ’ ಎಂದು ಘೋಷಿಸಿದಾಗ ಮಾತ್ರ. ಬಿಹಾರದಲ್ಲಿ 2015ರ ಡಿಸೆಂಬರ್‌ನಲ್ಲಿ, ಉತ್ತರಾಖಂಡದಲ್ಲಿ 2016ರಲ್ಲಿ ಕಾಡುಹಂದಿಗೆ ಸಂಬಂಧಿಸಿ ಒಂದೊಂದು ವರ್ಷದ ಅವಧಿಗೆ ಇಂಥ ಘೋಷಣೆಗಳಾಗಿದ್ದವು. ಕೇರಳ ಪದೇ ಪದೇ ಕೇಳಿಕೊಂಡರೂ ಕೇಂದ್ರ ಒಪ್ಪಲಿಲ್ಲ. ಘೋಷಣೆಯಾದರೆ ಮಾಂಸದ ಹೆಸರಿನಲ್ಲಿ ಬೇಟೆಯ ಮಾರುಕಟ್ಟೆಯೇ ತೆರೆದುಕೊಳ್ಳುತ್ತದೆ, ಹಂದಿಯ ಹೆಸರಿನಲ್ಲಿ ಕಡವೆ, ಜಿಂಕೆಗಳೂ ಬಲಿಯಾಗುತ್ತವೆ ಎಂಬುದು ಸಂರಕ್ಷಣಾವಾದಿಗಳ ಆತಂಕ. ಬೆಳೆ ಕಳೆದುಕೊಂಡವನಿಗೆ ಪರಿಹಾರ ಬೇಗ ಕೈಸೇರದಿದ್ದರೆ ಈ ವಾದವನ್ನು ಅವನು ಒಪ್ಪುವುದು ಕಷ್ಟ.

ಕೊಡಗಿನಲ್ಲಿ ಕೋವಿಗೆ ಸಂಬಂಧಿಸಿದ ವಿನಾಯಿತಿಯನ್ನೂ ಜನ ತಪ್ಪಾಗಿ ತಿಳಿಯುವುದುಂಟು. ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರವು 2019ರಲ್ಲಿ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳುವ ಹಕ್ಕು, ಬೇಟೆಯಾಡುವ ಹಕ್ಕಲ್ಲ. ಹಾಗೆಯೇ ಅರಣ್ಯವಾಸಿಗಳ ಸಾಂಪ್ರದಾಯಿಕ ಹಕ್ಕುಗಳನ್ನು ಮಾನ್ಯ ಮಾಡಿದ 2006ರ ಅರಣ್ಯ ಹಕ್ಕು ಕಾಯ್ದೆಯು ಜೇನು, ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಕೊಟ್ಟು, ಬೇಟೆಯಾಡುವ ಮತ್ತು ಉರುಳು ಹಾಕುವ ಸಂಪ್ರದಾಯವನ್ನು ಹೆಸರಿಸಿಯೇ ಹೊರಗಿಟ್ಟಿದೆ. ಹೊಟ್ಟೆಪಾಡಿಗೆ ಕಾಡುಕೋಳಿ ಹಿಡಿದ ಹಾಡಿಯ ಯುವಕನಿಗೂ ಅದನ್ನು ವಾರಾಂತ್ಯದ ಮೋಜಿಗೆ ಕೊಂಡು ತಿಂದ ಕಾರಿನ ಮಾಲೀಕನಿಗೂ ಕಾಯ್ದೆಯ ಪುಟದಲ್ಲಿ ಒಂದೇ ಅಳತೆಗೋಲು. ಉರುಳು ಒಡ್ಡಿದವನ ಹೆಜ್ಜೆಗುರುತು ಕಾಡಿನಲ್ಲೇ ಸಿಗುತ್ತದೆ. ಖರೀದಿಸಿದವನ ವಿರುದ್ಧದ ಸಾಕ್ಷ್ಯ ಊಟ ಮುಗಿಯುವುದರೊಳಗೆ ತಟ್ಟೆಯಿಂದ ಮಾಯವಾಗಿರುತ್ತದೆ.